ಷಡ್ಡಕನಿಗೆ ಹೇಳಿದ ಅಂಟು

ಆ ಮನೆಗೆ ಇಬ್ಬರು ಅಳಿಯಂದಿರು. ದೊಡ್ಡಳಿಯನದು ಕನ್ನಡಕದ ಅಂಗಡಿ, ಚಿಕ್ಕಳಿಯ ಹಲ್ಲಿನ ಡಾಕ್ಟರು. ಅಕ್ಕತಂಗಿಯರನ್ನು ಕಟ್ಟಿಕೊಂಡ ಈ ಷಡ್ಡಕರ ನಡುವೆ ಒಂದು ದಿನವೂ ಜಗಳವಾದದ್ದಿಲ್ಲ. ಜಗಳಕ್ಕೆ ಚಿಕ್ಕಳಿಯ ಕಾರಣವನ್ನೇ ಕೊಡುತ್ತಿರಲಿಲ್ಲ. ದೊಡ್ಡಳಿಯನ ಸಂಕಟವೇ ಅದಾಗಿತ್ತು. ಕೆಟ್ಟವನ ಮೇಲೆ ಸಿಟ್ಟು ಮಾಡಬಹುದು, ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದೊಂದೇ ದಾರಿ.

ದೊಡ್ಡಳಿಯನಿಗೆ ಹನ್ನೆರಡು ವರ್ಷದಿಂದ ಒಂದು ಹವ್ಯಾಸವಿತ್ತು. ಬಸ್ಸು, ಕ್ರೇನು, ರೈಲು ಡಬ್ಬಿಗಳ ಪುಟ್ಟ ಮಾದರಿಗಳನ್ನು ಕಟ್ಟುತ್ತಿದ್ದ. ಪೆಟ್ಟಿಗೆಯಲ್ಲಿ ಬರುವ ಸಿದ್ಧ ಭಾಗಗಳನ್ನು ಜೋಡಿಸುವ ಆಟವಲ್ಲ. ಬರೀ ಪ್ಲಾಸ್ಟಿಕ್ ಹಾಳೆ, ತಂತಿ, ಖಾಲಿಯಾದ ರೀಫಿಲ್ಲು, ಮುರಿದ ಕನ್ನಡಕದ ಕಡ್ಡಿ, ಇಷ್ಟರಲ್ಲೇ ಎಲ್ಲ ಹುಟ್ಟಬೇಕು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸು ಅರೆಯುವ ಯಂತ್ರದ ಪಕ್ಕದ ಮೇಜಿನಲ್ಲಿ ಅರ್ಧ ಭಾಗ ಇದಕ್ಕೇ ಮೀಸಲು. ಅಲ್ಲಿ ಹಿಡಿ ಬಿರಿದು ದಾರ ಸುತ್ತಿಸಿಕೊಂಡ ಒಂದು ಕೈಡ್ರಿಲ್ಲು, ಅಂಚು ಸವೆದ ಸ್ಟೀಲ್ ಸ್ಕೇಲು, ಮೂರು ಅರ, ಒಂದು ಚಿಮುಟ ಇರುತ್ತಿದ್ದವು. ಮನೆಯವರಲ್ಲಿ ಯಾರೂ ಆ ಮಾದರಿಗಳನ್ನು ಹತ್ತಿರದಿಂದ ನೋಡಿದವರಲ್ಲ. "ಚೆನ್ನಾಗಿದೆ" ಅನ್ನುವರು, ಮುಂದಿನ ಮಾತಿಗೆ ಹೋಗುವರು.

ಮಾವ ನಲವತ್ತು ವರ್ಷ ಹೊಳೆಯಲ್ಲಿ ಲಾಂಚು ನಡೆಸಿ ಜನರನ್ನು ದಾಟಿಸಿದವರು. ಸೇತುವೆ ಆದ ಮೇಲೆ ಲಾಂಚು ಗುಜರಿಗೆ ಹೋಯಿತು, ಮಾವ ಮನೆಗೆ ಬಂದರು. ಈಗ ಅವರ ಎರಡೂ ಕಣ್ಣಿಗೆ ಪೊರೆ ಕವಿದಿತ್ತು. ಹೆಚ್ಚು ಕೆಟ್ಟಿದ್ದ ಎಡಗಣ್ಣಿಗೆ ಮೊದಲು ಆಪರೇಷನ್ ಎಂದು ದಿನ ಗೊತ್ತಾದ ಭಾನುವಾರ ಎಲ್ಲರೂ ಮಾವನ ಮನೆಯಲ್ಲಿ ಊಟಕ್ಕೆ ಸೇರಿದ್ದರು.

"ಅಪ್ಪಾ, ಕಣ್ಣು ಸರಿಹೋದ್ಮೇಲೆ ಮೊದಲು ಏನು ನೋಡ್ಬೇಕು ಅಂತಿದೀಯ?" ಎಂದು ಚಿಕ್ಕ ಮಗಳು ಕೇಳಿದಳು.

"ನನ್ನ ಲಾಂಚನ್ನ" ಅಂದರು ಮಾವ. ಆಮೇಲೆ ತಾವೇ ನಕ್ಕು, "ಅದು ಈಗ ಯಾರ ಮನೆ ಗೇಟಾಗಿದೆಯೋ! ಬಿಡು, ನಿಮ್ಮ ಮುಖ ನೋಡಿದ್ರೆ ಸಾಕು" ಅಂದರು.

ದೊಡ್ಡಳಿಯನ ಕೈ ತಟ್ಟೆಯಲ್ಲೇ ನಿಂತಿತು. ಆ ಲಾಂಚಿನ ಎರಡು ಹಳೆಯ ಫೋಟೊಗಳ ಪ್ರತಿಗಳು ಮೂರು ವರ್ಷದಿಂದ ಅವನ ಮೇಜಿನ ಖಾನೆಯಲ್ಲಿದ್ದವು. ಅಳತೆ ಲೆಕ್ಕ ಹಾಕಿ ನಕ್ಷೆಯನ್ನೂ ಬರೆದಿದ್ದ. ಆದರೆ ಒಂದು ಹಾಳೆಯನ್ನೂ ಕತ್ತರಿಸಿರಲಿಲ್ಲ. ಮಾವನ ಮುಂದೆ ಇಡುವ ವಸ್ತುವಿನಲ್ಲಿ ಕೂದಲೆಳೆಯಷ್ಟು ತಪ್ಪೂ ಇರಬಾರದು, ಕೈ ಇನ್ನೂ ಪಳಗಲಿ ಎಂದು ಕಾದಿದ್ದ. ಈಗ ಹೇಳಿಬಿಡೋಣ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಳಿಯ ಹೇಳಿಬಿಟ್ಟ.

"ಮಾವ, ನಾನು ಮಾಡಿಕೊಡ್ತೀನಿ, ಇಷ್ಟುದ್ದದ್ದು. ಭಾವ ಮಾಡೋದನ್ನ ನೋಡೀ ನೋಡೀ ನಂಗೂ ಆಸೆ ಆಗಿಬಿಟ್ಟಿದೆ. ಭಾವ, ಸಾಮಾನು ಏನೇನು ತಗೋಬೇಕು ಅಂತ ನೀವೇ ಹೇಳ್ಕೊಡ್ಬೇಕು, ಆಯ್ತಾ?"

ಮಾವನ ಮುಖ ಅರಳಿತು. ಅತ್ತೆ ಚಿಕ್ಕಳಿಯನ ತಟ್ಟೆಗೆ ಕೇಳದೆಯೇ ಇನ್ನಷ್ಟು ಬಡಿಸಿದರು. "ಅದಕ್ಕೇನಂತೆ, ಹೇಳೋಣ" ಅಂದ ದೊಡ್ಡಳಿಯ.

ಮನೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. "ನಿಮ್ಮ ಹೊಟ್ಟೆ ಮೇಲೆ ಪಾತ್ರೆ ಇಟ್ರೆ ಸ್ನಾನಕ್ಕೆ ನೀರು ಕಾಯುತ್ತೆ ಈಗ" ಅಂದಳು.

"ನಂಗೇನು? ಮಾಡ್ಲಿ ಬಿಡು. ಹಲ್ಲು ಕೀಳೋದು ಬೇರೆ, ಇದು ಬೇರೆ."

"ನೀವೂ ಮಾಡ್ಬೇಕು ಅಂತಿದ್ರಲ್ಲ, ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

ಮರುದಿನ ಸಂಜೆ ಷಡ್ಡಕರಿಬ್ಬರೂ ಮಾದರಿ ಸಾಮಾನಿನ ಅಂಗಡಿಗೆ ಹೋದರು. ಮೆಟ್ಟಿಲಿನ ಕೆಳಗೆ ಸಿಕ್ಕಿಸಿದಂತಿದ್ದ ಉದ್ದನೆಯ ಇರುಕು ಅಂಗಡಿ ಅದು. ನಡೆಸುವಾಕೆ ಐವತ್ತು ದಾಟಿದ ಹೆಂಗಸು. ಯಾವ ಡಬ್ಬಿಯಲ್ಲಿ ಯಾವ ಮೊಳೆ ಇದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲವಳು.

ಮೊದಮೊದಲು ದೊಡ್ಡಳಿಯ ಸರಿಯಾಗಿಯೇ ಹೇಳಿದ. ಹೇಳುವಾಗ ಖುಷಿಯೂ ಆಯಿತು. ಇಷ್ಟು ವರ್ಷ ಯಾರೂ ಕೇಳದಿದ್ದ ವಿದ್ಯೆಯನ್ನು ಒಬ್ಬ ಡಾಕ್ಟರು ಕಿವಿಗೊಟ್ಟು ಕೇಳುತ್ತಿದ್ದ. "ಚಾಕು ದುಬಾರಿದೇ ಬೇಕಿಲ್ಲ, ಬ್ಲೇಡು ಮಾತ್ರ ಹೊಸದಾಗಿರ್ಬೇಕು. ಮೊಂಡು ಬ್ಲೇಡು ಜಾರಿ ಕೈ ಕುಯ್ಯೋದು. ಒಂದೇ ಏಟಿಗೆ ಕತ್ತರಿಸ್ಬೇಡಿ, ಎರಡು ಸಲ ಗೀಚಿ ಮುರೀರಿ. ಹಾಳೆ ಅರ್ಧ ಮಿಲಿಮೀಟರ್‌ದು ನಾಲ್ಕು, ಒಂದು ಮಿಲಿಮೀಟರ್‌ದು ಎರಡು. ಪಾಲಿಷ್ ಪೇಪರು ಒರಟಿನಿಂದ ನಯದವರೆಗೆ ನಾಲ್ಕು ನಂಬರು."

"ಡ್ರಿಲ್ಲು?"

"ಈ ಕೈಡ್ರಿಲ್ಲು ಸಾಕು."

ಚಿಕ್ಕಳಿಯ ಅದನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ ನಕ್ಕ. "ಕ್ಲಿನಿಕ್ಕಲ್ಲಿ ಇರೋದೇ ಬಳಸ್ತೀನಿ ಭಾವ. ಹಲ್ಲಿಗೆ ಹಾಕೋ ಹಳೇ ಮೊನೆಗಳು ನೂರಾರು ಬಿದ್ದಿವೆ. ಕೂದಲಿನಷ್ಟು ಸಣ್ಣ ತೂತಾಗುತ್ತೆ. ಚಿಮುಟಾನೂ ಬೇಡ, ಹತ್ತು ಥರದ್ದಿವೆ. ಕೆಳಗೆ ನೋಡೋಕೆ ಕನ್ನಡೀನೂ ಇದೆ."

ಇಷ್ಟೇ ಮಾತು. ಹೆಮ್ಮೆಯಿಂದಲೂ ಹೇಳಿದ್ದಲ್ಲ. ಆದರೆ ದಾರ ಸುತ್ತಿದ ತನ್ನ ಡ್ರಿಲ್ಲು ದೊಡ್ಡಳಿಯನ ಕಣ್ಣಿಗೆ ಕಟ್ಟಿತು. ಹನ್ನೆರಡು ವರ್ಷ ಒಂದೊಂದು ತೂತಿಗೂ ಬೆರಳು ನೋಯಿಸಿಕೊಂಡದ್ದು ನೆನಪಾಯಿತು. ಇವನಿಗೆ ಎಲ್ಲವೂ ಮೊದಲೇ ಸಿದ್ಧ: ಸಾಮಾನು ಸಿದ್ಧ, ಕೈ ಸಿದ್ಧ, ಮಾವನ ಪ್ರೀತಿಯೂ ಸಿದ್ಧ.

ಅಂಗಡಿಯಾಕೆ ಹಾಳೆ ತರಲು ಅಟ್ಟ ಹತ್ತಿದ್ದಳು. ಚಿಕ್ಕಳಿಯ ಅಂಟುಗಳ ಮುಂದೆ ನಿಂತಿದ್ದ. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ನೀರಂಥ ಅಂಟೊಂದನ್ನೂ ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿಯುವ ಅಂಟೊಂದನ್ನೂ ದೊಡ್ಡಳಿಯ ಆಗಲೇ ಬುಟ್ಟಿಗೆ ಹಾಕಿಸಿದ್ದ. ಚಿಕ್ಕಳಿಯ ಬಿಳಿ ಅಂಟಿನ ಬಾಟಲಿ ಎತ್ತಿಕೊಂಡ.

"ಇದು ಯಾತಕ್ಕೆ ಭಾವ? ಇದೂ ಬೇಕಾ?"

ಕಿಟಕಿಗೆ ಬೇಕಾದದ್ದು ಅದೊಂದೇ ಎಂದು ದೊಡ್ಡಳಿಯನಿಗೆ ಗೊತ್ತಿತ್ತು. ಬೇಗ ಹಿಡಿಯುವ ಅಂಟು ಒಣಗುವಾಗ ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಬೂದಿಯ ಹಾಗೆ ಕೂರುತ್ತದೆ. ಮಾದರಿಯ ಚಾವಣಿ ಮುಚ್ಚಿದರಂತೂ ಒಳಗೆಲ್ಲ ಹರಡುತ್ತದೆ. ಅವನ ಮೊದಲ ಬಸ್ಸು ಹಾಳಾದದ್ದೇ ಹಾಗೆ.

"ಬೇಡ" ಅಂದ ದೊಡ್ಡಳಿಯ. "ಕಿಟಕಿಗೂ ಆ ಬೇಗ ಹಿಡಿಯೋದೇ ಸಾಕು."

ಚಿಕ್ಕಳಿಯ ಬಾಟಲಿಯನ್ನು ಇದ್ದಲ್ಲೇ ಇಟ್ಟು, ಲೇಬಲ್ಲು ಮುಂದಕ್ಕೆ ಕಾಣುವಂತೆ ತಿರುಗಿಸಿದ. ಅಂಗಡಿಯಾಕೆ ಹಾಳೆಗಳೊಂದಿಗೆ ಕೆಳಗಿಳಿದು ಬಂದಳು. ಮಾತು ಅಲ್ಲಿಗೇ ಮುಗಿಯಿತು.

ಆಮೇಲಿನ ಐದು ವಾರ ದೊಡ್ಡಳಿಯನಿಗೆ ನೆಮ್ಮದಿ ಇರಲಿಲ್ಲ. ಫೋನ್ ಮಾಡಿ ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡ. ಆಗೆಲ್ಲ ಹೆಂಡತಿ ತಂಗಿಯ ಮನೆಯ ಸುದ್ದಿ ತರುತ್ತಿದ್ದಳು. "ಅಪ್ಪ ದಿನಾ ಅವನ ಕ್ಲಿನಿಕ್ಕಿಗೆ ಹೋಗಿ ಕೂತ್ಕೋತಾರಂತೆ. ಕಣ್ಣು ಕಾಣದಿದ್ರೂ ಕೈಯಲ್ಲಿ ಸವರಿ ನೋಡಿ ಇಲ್ಲಿ ಉಬ್ಬಿರ್ಬೇಕು, ಅಲ್ಲಿ ಬಾಗಿರ್ಬೇಕು ಅಂತಾರಂತೆ." ಮಾವ ಒಂದು ದಿನವೂ ದೊಡ್ಡಳಿಯನ ಮೇಜಿನ ಬಳಿ ಕೂತವರಲ್ಲ. ಅದನ್ನು ಕೇಳಿದ ಮೇಲೆ ಫೋನು ಕೆಳಗಿಡುವುದು ಸುಲಭವಾಗುತ್ತಿತ್ತು.

ಆಪರೇಷನ್ನಿಗೆ ನಾಲ್ಕು ದಿನ ಇದೆ ಎನ್ನುವಾಗ ಚಿಕ್ಕಳಿಯನೇ ಫೋನ್ ಮಾಡಿದ. "ಭಾವ, ಏನೋ ಎಡವಟ್ಟು ಮಾಡ್ಕೊಂಡಿದೀನಿ. ಸ್ವಲ್ಪ ಬಂದು ನೋಡ್ತೀರಾ?"

ಕ್ಲಿನಿಕ್ಕಿಗೆ ಅಂದು ರಜೆ. ರೋಗಿಗಳು ಒರಗುವ ಕುರ್ಚಿಯ ದೀಪದ ಕೆಳಗೆ, ಬಿಳಿ ಬಟ್ಟೆಯ ಮೇಲೆ ಲಾಂಚು ಇತ್ತು. ದೊಡ್ಡಳಿಯ ಬಾಗಿಲಲ್ಲೇ ನಿಂತುಬಿಟ್ಟ. ಮುಂಭಾಗದ ಬಾಗು, ಹಗ್ಗ ಕಟ್ಟುವ ಗೂಟ, ಹೊಗೆ ಕೊಳವೆಯ ಸುತ್ತಿನ ತಂತಿ, ಬೆಂಚುಗಳ ನಡುವಿನ ಸಂದು, ಎಲ್ಲ ಫೋಟೊದಲ್ಲಿ ಇದ್ದ ಹಾಗೇ ಇತ್ತು. ಮೊದಲ ಸಲಕ್ಕೇ ಹೀಗೆ! ತನ್ನ ಮೇಜಿನ ಮೇಲಿನ ಯಾವ ಬಸ್ಸೂ ಇದರ ಹತ್ತಿರ ಸುಳಿಯುವಂತಿರಲಿಲ್ಲ. ಇಷ್ಟು ದಿನ ಒಳಗೇ ಹೊಗೆಯಾಡುತ್ತಿದ್ದದ್ದು ಧಗ್ಗೆಂದು ಹತ್ತಿಕೊಂಡಿತು.

ಆಮೇಲೆ ಕಿಟಕಿಗಳನ್ನು ನೋಡಿದ. ಹದಿನಾರು ಕಿಟಕಿ, ಹದಿನಾರಕ್ಕೂ ಬಿಳಿ ಪೊರೆ. ಮಾವನ ಕಣ್ಣಿನ ಹಾಗೆಯೇ.

"ಚಾವಣಿ ಮುಚ್ಚಿದ್ಮೇಲೆ ಹೀಗಾಯ್ತು" ಅಂದ ಚಿಕ್ಕಳಿಯ. "ನಾನೇ ಅಂಟು ಜಾಸ್ತಿ ಹಾಕಿದೆ ಅನ್ಸುತ್ತೆ. ಒರೆಸೋಕೆ ಹೋದ್ರೆ ಇನ್ನೂ ಕೆಡ್ತು. ಮಾವಂಗೆ ಏನು ಮುಖ ತೋರಿಸ್ಲಿ? ನಿಮ್ಮ ಮಾತು ಸರಿಯಾಗಿ ಕೇಳಿಸ್ಕೊಳ್ಳಲಿಲ್ವೇನೋ."

"ಹೂಂ, ಜಾಸ್ತಿ ಆಗಿದೆ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಚಿಕ್ಕಳಿಯ ತಪ್ಪನ್ನು ತಾನೇ ಹೊತ್ತುಕೊಂಡು ಎದುರಿಗೆ ನಿಂತಿದ್ದ. ಅದನ್ನು ನೋಡಲಾಗದೆ ದೊಡ್ಡಳಿಯ ರೋಗಿಗಳ ಸ್ಟೂಲಿನ ಮೇಲೆ ಕೂತ.

"ನೀವು ಸರಿಯಾಗೇ ಕೇಳಿಸ್ಕೊಂಡ್ರಿ. ಹೇಳಿದ್ದೇ ತಪ್ಪು."

"ಪರವಾಗಿಲ್ಲ ಬಿಡಿ ಭಾವ, ಮರೆತಿರ್ಬೇಕು..."

"ಮರೆತಿರಲಿಲ್ಲ. ಹೀಗಾಗುತ್ತೆ ಅಂತ ಗೊತ್ತಿದ್ದೇ ಹೇಳಿದೆ. ಆ ಬಿಳಿ ಅಂಟು ಕಿಟಕಿಗೇ ಇರೋದು. ಬೇಕಂತಲೇ ಬೇಡ ಅಂದೆ."

ಚಿಕ್ಕಳಿಯನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಯಾಕೆ?" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಬೆರಗಿತ್ತು.

"ಹೊಟ್ಟೆಕಿಚ್ಚು. ಇನ್ನೇನು ಹೇಳ್ಲಿ? ಮೂರು ವರ್ಷದಿಂದ ಈ ಲಾಂಚಿನ ನಕ್ಷೆ ನನ್ನ ಖಾನೇಲಿದೆ. ನೀವು ಒಂದೇ ಮಾತಲ್ಲಿ ಎತ್ಕೊಂಡು ಹೋದ್ರಿ."

ಆಗ ಸಿಟ್ಟು ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಚಿಕ್ಕಳಿಯನ ಮುಖ ಕೆಂಪಾದದ್ದನ್ನು ದೊಡ್ಡಳಿಯ ನೋಡಿದ. "ನನ್ನ ಮೇಲೆ ಹೊಟ್ಟೆಕಿಚ್ಚಿದ್ರೆ ನನಗೆ ಬೈಬೇಕಿತ್ತು. ಇದು ಮಾವನ ಲಾಂಚು. ಅವರು ಐದು ವಾರದಿಂದ ಇದನ್ನ ಸವರ್ತಾ ಕೂತಿದಾರೆ, ಗೊತ್ತಾ ನಿಮಗೆ?"

"ಗೊತ್ತು."

"ಸರಿ ಮಾಡೋಕಾಗುತ್ತಾ, ಇಲ್ವಾ? ಅಷ್ಟು ಹೇಳಿ."

"ಆಗುತ್ತೆ. ನನಗೆ ಕೊಡಿ."

ಚಿಕ್ಕಳಿಯ ಲಾಂಚನ್ನೂ ದೊಡ್ಡಳಿಯನನ್ನೂ ಒಂದು ಗಳಿಗೆ ನೋಡಿದ. ಬೇರೆ ದಾರಿ ಇರಲಿಲ್ಲ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಲಾಂಚನ್ನು ಇಟ್ಟುಕೊಟ್ಟ. ದೊಡ್ಡಳಿಯ "ಬರ್ತೀನಿ" ಅಂದಾಗ ತಿರುಗಿ ನೋಡದೆ ಕುರ್ಚಿಯ ದೀಪ ಆರಿಸಿದ.

ಮೂರು ದಿನ ದೊಡ್ಡಳಿಯನ ಅಂಗಡಿ ಅರ್ಧ ಹೊತ್ತೇ ತೆರೆದಿತ್ತು. ಚಾವಣಿಯ ಬೆಸುಗೆಯ ಗೆರೆಯಲ್ಲೇ ತೆಳು ಬ್ಲೇಡು ಓಡಿಸಿ, ಉಸಿರು ಬಿಗಿಹಿಡಿದು ಬಿಡಿಸಿದ. ಹಾಳಾದ ಕಿಟಕಿಗಳನ್ನು ಒಂದೊಂದಾಗಿ ಕಿತ್ತ. ಹೊಸ ಕನ್ನಡಕದ ಫ್ರೇಮುಗಳಲ್ಲಿ ಅಂದಕ್ಕೆಂದು ನಂಬರಿಲ್ಲದ ಪ್ಲಾಸ್ಟಿಕ್ ಗಾಜು ಬರುತ್ತದೆ. ನಂಬರಿನ ಗಾಜು ಕೂರಿಸುವಾಗ ಅದನ್ನು ಬಿಸಾಡುತ್ತಾರೆ. ಅಂಥವನ್ನೇ ಆರಿಸಿ, ಕತ್ತರಿಸಿ, ಅಂಚನ್ನು ಅರೆಯುವ ಯಂತ್ರಕ್ಕೆ ಕೊಟ್ಟು, ಬಟ್ಟೆಯ ಚಕ್ರದಲ್ಲಿ ಪಾಲಿಷ್ ಮಾಡಿದ. ಬಿಳಿ ಅಂಟನ್ನು ಕಡ್ಡಿಯ ತುದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಇಟ್ಟು ಕೂರಿಸಿದ. ಕೆಲಸದ ನಡುವೆ ಲಾಂಚಿನ ಒಳಗನ್ನೂ ನೋಡಬೇಕಾಯಿತು. ಹೊರಗಿನಿಂದ ಯಾರಿಗೂ ಕಾಣದ ಜಾಗದಲ್ಲಿ ಕೂಡ ಷಡ್ಡಕ ಪುಟ್ಟ ಬೆಂಚಿನ ಕಾಲುಗಳನ್ನು ನಯ ಮಾಡಿದ್ದ. ಅದನ್ನು ನೋಡಿದಾಗಲೂ ಒಳಗೆ ಚುಚ್ಚಿತು. ಚುಚ್ಚಿದರೂ ಕೈ ನಿಲ್ಲಲಿಲ್ಲ.

ಆಪರೇಷನ್ನಿನ ಮರುದಿನ ಮಾವನ ಕಣ್ಣಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದವರೇ ಲಾಂಚನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಮುಖವನ್ನು ತೀರಾ ಹತ್ತಿರ ತಂದು, "ಒಳಗಿನ ಬೆಂಚೆಲ್ಲ ಕಾಣುತ್ತಲ್ರೋ!" ಅಂದರು. "ಕಿಟಕಿಗಳು ಏನು ಹೊಳಪು! ನನ್ನ ಕಾಲದಲ್ಲಿ ಇಷ್ಟು ಚೊಕ್ಕಟ ಇರಲೇ ಇಲ್ಲ."

"ಕಿಟಕಿ ಭಾವ ಮಾಡಿದ್ದು" ಅಂದ ಚಿಕ್ಕಳಿಯ. ಅಷ್ಟೇ ಅಂದ. ಮಿಕ್ಕದ್ದನ್ನು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಮಾವ ದೊಡ್ಡಳಿಯನ ಕೈ ಹಿಡಿದು ಅದುಮಿದರು. ಹನ್ನೆರಡು ವರ್ಷ ಅವನು ಕಾದಿದ್ದು ಇದಕ್ಕೇ. ಈಗ ಸಿಕ್ಕಾಗ ತನ್ನ ಕೈಯನ್ನು ಯಾವಾಗ ಬಿಡುತ್ತಾರೋ ಅನ್ನಿಸಿತು. ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ಹೇಳಿದ್ರಲ್ಲ, ಅಷ್ಟಾದ್ರೂ ಮಾಡಿದ್ರಿ" ಅಂದಳು.

ಷಡ್ಡಕರು ಎದುರಾದರೆ ನಗುತ್ತಿದ್ದರು. ಮೊದಲಿನ ಸಲುಗೆ ಮಾತ್ರ ಇರಲಿಲ್ಲ. ಕೆಲವು ತಿಂಗಳ ಮೇಲೆ, ಚಿಕ್ಕಳಿಯ ಬಣ್ಣ ಸಿಂಪಡಿಸುವ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದಾನೆಂದು ಸುದ್ದಿ ಬಂತು. ದೊಡ್ಡಳಿಯನ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು. ಇದು ಸಾಯುವವರೆಗೂ ಇರುವ ಕಾಯಿಲೆಯೇ ಇರಬೇಕು ಎಂದು ತನಗೆ ತಾನೇ ನಕ್ಕ. ಆಮೇಲೆ ಕೂತು, ಯಾವ ಯಂತ್ರ ಶಬ್ದ ಕಡಿಮೆ ಮಾಡುತ್ತದೆ, ಮೂತಿ ಎಷ್ಟು ಸಣ್ಣದಿರಬೇಕು, ಯಾವುದನ್ನು ಯಾರು ಎಷ್ಟೇ ಹೇಳಿದರೂ ಕೊಳ್ಳಬಾರದು, ಎಲ್ಲವನ್ನೂ ಬರೆದು ಕಳಿಸಿದ.

ಉತ್ತರ ಬಂತು: "ಅಂಗಡಿಯವರನ್ನ ಒಂದು ಮಾತು ಕೇಳಿ ನೋಡ್ತೀನಿ."

ಅದು ಚುರುಕ್ಕೆಂದಿತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಕೆಲಸಕ್ಕೆ ಕೂತ.

ಎರಡು ದಿನ ಬಿಟ್ಟು ಇನ್ನೊಂದು ಸಾಲು ಬಂತು: "ಕೇಳಿದೆ ಭಾವ. ನೀವು ಬರೆದಿದ್ದೆಲ್ಲ ಸರಿ ಅಂದ್ರು. ಅದನ್ನೇ ತಗೊಂಡೆ. ಭಾನುವಾರ ಬಿಡುವಿದ್ರೆ ಬನ್ನಿ, ಹಿಡಿಯೋದು ಹೇಗೆ ಅಂತ ತೋರಿಸಿ."

ದೊಡ್ಡಳಿಯ ಅದನ್ನು ಎರಡು ಸಲ ಓದಿದ. "ಬರ್ತೀನಿ" ಎಂದು ಬರೆದು, ಎದುರಿಗೆ ಕಾಯುತ್ತಿದ್ದ ಗಿರಾಕಿಯ ಕನ್ನಡಕವನ್ನು ಒರೆಸಿ ಕೊಟ್ಟ.