ಐದು ಮುಖಗಳು

ಮಲಯಾದ ಪಿನಾಂಗಿನ ನಮ್ಮ ಅಂಗಡಿಯಲ್ಲಿ ಚುವಾ ಅಣ್ಣ ಹೆಚ್ಚಾಗಿ ಸತ್ತವರ ಮುಖ ಬರೆಯುತ್ತಿದ್ದ, ನಾನು ಚೌಕಟ್ಟು ಹಾಕುತ್ತಿದ್ದೆ. ಚೀನಾದಿಂದ ಹಡಗೇರಿ ಬಂದಾಗ ಅವನ ಬಳಿ ಇದ್ದದ್ದು ಒಂದು ಡಬ್ಬಿ ಇದ್ದಿಲ ಪುಡಿ ಮಾತ್ರ. ಅಂಗೈಯಗಲದ ಫೋಟೋ ಕೊಟ್ಟರೆ ಗೋಡೆಯಗಲದ ಅಜ್ಜನನ್ನು ಎಬ್ಬಿಸುತ್ತಿದ್ದ.

“ಸತ್ತೋರೇ ವಾಸಿ ಕಣೋ,” ಅನ್ನುತ್ತಿದ್ದ. “ಅಲ್ಲಾಡಲ್ಲ, ಮೂಗು ದಪ್ಪ ಆಯ್ತು ಅಂತ ಜಗಳಾನೂ ತೆಗೆಯಲ್ಲ.”

ಜಪಾನಿನವರು ಊರು ಹಿಡಿದ ಮೂರನೇ ತಿಂಗಳು. ಮಧ್ಯಾಹ್ನ ಗಂಜಿ ಕುಡಿಯುತ್ತಿದ್ದಾಗ ಬಾಗಿಲಲ್ಲಿ ಕಾರು ನಿಂತಿತು. ಜಪಾನಿ ಅಧಿಕಾರಿಯೊಬ್ಬ ಇಳಿದ. ದುಭಾಷಿ ಯಾಪ್ ನಮ್ಮ ಬೀದಿಯವನೇ, ನೆಲ ನೋಡುತ್ತ ಹೇಳಿದ:

“ಜಪಾನಿನ ಮೇಲೆ ಯುದ್ಧ ಮಾಡೋಕೆ ಅಂತ ಚೀನಾಕ್ಕೆ ಚಂದಾ ಎತ್ತಿದ ಐದು ಜನ ತಲೆ ಮರೆಸ್ಕೊಂಡಿದಾರೆ. ಅವರನ್ನ ಕೂರಿಸಿ ಚಿತ್ರ ಬರೆದೋನು ನೀನೇ ಅಲ್ವಾ? ನಾಳೆ ಇಷ್ಟು ಹೊತ್ತಿಗೆ ಐದೂ ಮುಖ ಬೇಕು. ಆಗಲ್ಲ ಅನ್ಬೇಡಣ್ಣ, ನಿನ್ನ ದಮ್ಮಯ್ಯ.”

ಮರುದಿನ ಹಾಳೆಗಳನ್ನು ಸುತ್ತುವಾಗ ನೋಡಿದೆ. ಚಂದಾ ಎತ್ತಿದವರು ಒಬ್ಬರೂ ಇರಲಿಲ್ಲ, ಐವರೂ ಯಾವತ್ತೋ ತೀರಿಕೊಂಡವರು! ಒಬ್ಬ ಒಣಮೀನಿನ ಓಂಗ್. ಚಿಕ್ಕ ವಯಸ್ಸಿಗೇ ಸತ್ತಿದ್ದ. ಅವನ ಚಿತ್ರಕ್ಕೆ ಚೌಕಟ್ಟು ಹಾಕಿ ಹನ್ನೆರಡು ವರ್ಷವಾಗಿತ್ತು.

“ಹುಡುಕ್ಲಿ ಬಿಡು, ಸ್ಮಶಾನದಲ್ಲಿ,” ಎಂದ ಅಣ್ಣ. ಇಬ್ಬರೂ ನಕ್ಕೆವು.

ಆರನೇ ದಿನ ಯಾಪ್ ಒಬ್ಬನೇ ಬಂದ. “ಒಬ್ಬ ಸಿಕ್ಕ. ಸಾಹೇಬ್ರಿಗೆ ಖುಷಿ, ಇನ್ನೂ ಹತ್ತು ಮುಖ ಕೇಳ್ತಿದಾರೆ.”

“ಸಿಕ್ಕನಾ? ಯಾರು?” ಎಂದ ಅಣ್ಣ.

“ಓಂಗನ ಮಗ ಸೂನ್ ಕೀ. ಅಪ್ಪ ಸತ್ತಾಗ ಗೋಲಿ ಆಡ್ತಿದ್ದ, ಈಗ ಥೇಟ್ ಅವರಪ್ಪ. ಅವನನ್ನ ಹತ್ತಿಸ್ಕೊಂಡ ಲಾರಿ ಸಮುದ್ರದ ಕಡೆ ಹೋಯ್ತು. ಆ ಕಡೆ ಹೋದೋರು ಯಾರೂ ವಾಪಸ್ ಬಂದಿಲ್ಲ.”

ಮೂರು ದಿನ ಕಳೆದು ಓಂಗನ ಹೆಂಡತಿ ಗಂಡನ ಚಿತ್ರ ಹೊತ್ತು ಬಂದಳು. “ಮಗಂದು ಒಂದೂ ಫೋಟೋ ಇಲ್ಲಣ್ಣ. ಇದನ್ನೇ ನೋಡ್ಕೊಂಡು ಬರ್ಕೊಡಿ.”

ಬೇಡವೆಂದು ನಾನು ಕಣ್ಸನ್ನೆ ಮಾಡಿದೆ. ಅಣ್ಣ ಎಲ್ಲವನ್ನೂ ಹೇಳಿಬಿಟ್ಟ.

ಆಕೆ ಅಳಲಿಲ್ಲ, ಬಯ್ಯಲಿಲ್ಲ. ಗಂಡನ ಚಿತ್ರವನ್ನು ಗೋಡೆಗೆ ಒರಗಿಸಿ ಕೇಳಿದಳು: “ಉಳಿದ ನಾಲ್ಕು ಜನಕ್ಕೆ ಗಂಡುಮಕ್ಕಳಿದಾರಾ?”

ಮೂವರೂ ಬೀದಿಗಿಳಿದೆವು. ಮೂರು ಮನೆಯ ಹುಡುಗರನ್ನು ಸಂಜೆಯೊಳಗೆ ದೋಣಿ ಹತ್ತಿಸಿ, ಆಕೆಯನ್ನು ಅವರ ಜೊತೆ ಕಳಿಸಿದೆವು. ನಾಲ್ಕನೇ ಮನೆಯ ಬಾಗಿಲು ತೆರೆದಿತ್ತು. ಒಲೆಯ ಮೇಲೆ ಅನ್ನ ಸೀಯುತ್ತಿತ್ತು, ಒಳಗೆ ಯಾರೂ ಇರಲಿಲ್ಲ.

ಅಣ್ಣ ಹೊಸ್ತಿಲ ಮೇಲೆ ಕೂತುಬಿಟ್ಟ. ಬೀದಿಯ ತುದಿಯಲ್ಲಿ ಕಾರಿನ ಸದ್ದು.

“ಏಳಣ್ಣ!”

“ಹತ್ತು ಮುಖ ಕೇಳ್ತಾರೆ ಕಣೋ. ನನ್ನ ತಲೆ ತುಂಬ ಮುಖಾನೇ ಇವೆ. ನಾನೂ ಬಂದ್ರೆ ನನ್ನ ಹುಡುಕ್ಕೊಂಡು ಆ ದೋಣಿ ಹಿಂದೇನೇ ಬರ್ತಾರೆ. ನೀನು ನಡಿ.”

ನಾನು ಓಡಿದೆ. ಆಮೇಲೆ ಅವನನ್ನು ಕಂಡವರಿಲ್ಲ.