ನಾಲ್ಕು ಮುಖದ ದಿಮ್ಮಿ

ಹಾರ್ಯುಲಾ ಮನೆತನದ ಬೇಟೆ ಕ್ಯಾಂಪಿನಲ್ಲಿ ಬಾಣ ಹೊಡೆಯಲು ನೇತುಹಾಕಿದ ಗುರಿಚೀಲದ ಹೊಟ್ಟೆಯೊಳಗೆ ಏನೇನಿದೆ ಎಂಬುದು ಲೆಂಪಿಗೆ ತನ್ನ ಮನೆಯ ಕಪಾಟಿಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಚಿಂದಿ ತುಂಬಿದವಳು ಅವಳು. ವರ್ಷ ವರ್ಷ ಹರಿದಾಗ ದಬ್ಬಳ ಹಿಡಿದು ಹೊಲಿದವಳೂ ಅವಳೇ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಅಡುಗೆ ಮಾಡಿದವಳೂ ಅವಳೇ ಎಂದ ಮೇಲೆ ಹೊಲಿಗೆಗೆ ಬೇರೆ ಯಾರನ್ನು ಕರೆಯಬೇಕು?

ಮಿಷಿಗನ್ನಿನ ಆ ಮೇಲ್ತುದಿಯಲ್ಲಿ ಸೆಪ್ಟೆಂಬರ್ ಬಂತೆಂದರೆ ಗಂಡಸರಿಗೆ ಮೈಮೇಲೆ ದೇವರು ಬಂದಂತೆ. ಅಕ್ಟೋಬರ್ ಒಂದಕ್ಕೆ ಬಿಲ್ಲಿನ ಬೇಟೆ ಶುರು. ಅದಕ್ಕೆ ಮುಂಚಿನ ಶನಿವಾರ ಕ್ಯಾಂಪಿನಲ್ಲಿ ತಟ್ಟೆ ಪರೀಕ್ಷೆ. ಕ್ಯಾಂಪ್ ಕಟ್ಟಿದ ಅಜ್ಜ ಹೈಕ್ಕಿ ಕಾಯಿಸಿದ ಮೊಳೆಯಿಂದ ಬಾಗಿಲ ಒಳಮೈಯಲ್ಲಿ ಸುಟ್ಟು ಬರೆದ ನಿಯಮ ಇನ್ನೂ ಇದೆ: ಬಾಣದ ತುದಿಗೆ ಕಾಡಿಗೆ ಒಯ್ಯುವ ಅಲಗೇ ಆಗಬೇಕು, ಮೂರು ಬಾಣ, ಇಪ್ಪತ್ತೈದು ಹೆಜ್ಜೆ, ಒಂದು ತಟ್ಟೆ, ತಪ್ಪಿದವರಿಗೆ ಆ ವರ್ಷ ಬೇಟೆಯಿಲ್ಲ, ಒಲೆ. ಗುರಿ ತಪ್ಪಿ ಹೊಟ್ಟೆಗೆ ಬಾಣ ತಗುಲಿದ ಜಿಂಕೆಯೊಂದು ಸೀಡರ್ ಮರಗಳ ಜವುಗಿನೊಳಗೆ ಎರಡು ದಿನ ನರಳಿದ್ದನ್ನು ಅಜ್ಜ ಕಂಡಿದ್ದನಂತೆ. ನಿಯಮದ ಕೆಳಗೆ ವರ್ಷಕ್ಕೊಂದು ಸಾಲು. ಸಾಲಿನಲ್ಲಿ ಆ ವರ್ಷ ಗೆದ್ದವರ ಹೆಸರು. ಎಪ್ಪತ್ತು ಸಾಲುಗಳಲ್ಲಿ ಒಂದೂ ಹೆಣ್ಣಿನ ಹೆಸರಿರಲಿಲ್ಲ.

ಲೆಂಪಿಗೆ ಬೇಕಾಗಿದ್ದು ಅಲ್ಲಿ ತನ್ನ ಹೆಸರು. ಮತ್ತೇನೂ ಅಲ್ಲ. ಐವತ್ತನಾಲ್ಕನೇ ವಯಸ್ಸಿನಲ್ಲಿ ಬಿಲ್ಲು ಹಿಡಿದು, ಮೂರು ಸೆಪ್ಟೆಂಬರ್ ಪರೀಕ್ಷೆಗೆ ನಿಂತು, ಮೂರು ಸಲವೂ ತಪ್ಪಿ, ಮೂರು ಸಲವೂ ಅಡುಗೆಮನೆಗೆ ವಾಪಸ್ಸಾಗಿದ್ದಳು.

ಅವಳ ಕಣ್ಣಿಗೇನೂ ದೋಷವಿರಲಿಲ್ಲ. ಮನೆಯ ಹಿತ್ತಲಿನಲ್ಲಿ ಮೊಳೆಯಂಥ ಅಭ್ಯಾಸದ ಮೊನೆ ಹಾಕಿ ಹೊಡೆದರೆ ಬಾಣಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತಿದ್ದವು. ಮೊನೆ ತೆಗೆದು ಬೇಟೆಯ ಅಗಲ ಅಲಗು ಸಿಕ್ಕಿಸಿದ್ದೇ ತಡ, ಅದೇ ಬಾಣ ನಾಲ್ಕು ಬೆರಳು ಎಡಕ್ಕೆ ಓಡುತ್ತಿತ್ತು. ಅಲಗಿಗೆ ರೆಕ್ಕೆಯಿದ್ದ ಹಾಗೆ. ಕೈಯ ಸಣ್ಣ ತಪ್ಪನ್ನೂ ಹಿಡಿದುಕೊಂಡು ಹಾರುತ್ತದೆ. ಆ ತಪ್ಪು ತಿದ್ದಬೇಕಾದರೆ ದಿನಾ ಅಲಗಿನಿಂದಲೇ ಹೊಡೆಯಬೇಕು. ಹೊಡೆಯುವುದು ಯಾವುದಕ್ಕೆ? ಚಿಂದಿಯ ಚೀಲಕ್ಕೆ ಅಲಗು ಹೊಕ್ಕರೆ ಬಟ್ಟೆಯ ಎಳೆಗಳು ಸುತ್ತಿಕೊಂಡು ಹೊರಗೆ ಬಿಡುವುದೇ ಇಲ್ಲ. ಜಗ್ಗಿದರೆ ಚೀಲ ಹರಿಯುತ್ತದೆ, ಇಲ್ಲವೇ ಅಲಗು ಕಳಚಿ ಒಳಗೇ ಉಳಿಯುತ್ತದೆ.

ಹಿಂದಿನ ವರ್ಷ ಸೋತಾಗ ಅವಳು ಇದನ್ನೇ ಹೇಳಿದ್ದಳು. ಕ್ಯಾಂಪಿನ ಹಿರಿಯ, ಅವಳ ಗಂಡನ ಅಣ್ಣ ತೈಸ್ತೊ, ಮೀಸೆಯ ಮೇಲಿನ ಕಾಫಿ ಒರೆಸಿಕೊಂಡು ನಕ್ಕುಬಿಟ್ಟ.

"ಕುಣಿಯಲಾರದೋಳು ಅಂಗಳ ಡೊಂಕು ಅಂದ್ಲಂತೆ. ಚೀಲ ಏನ್ ಮಾಡ್ತಮ್ಮಾ ಪಾಪ? ನಲವತ್ತು ವರ್ಷದಿಂದ ಈ ಮನೇಲಿ ಚೀಲಕ್ಕೇ ಹೊಡೀತಿದೀವಿ."

"ನೀವು ಅಲಗಿಂದ ಹೊಡೆಯಲ್ವಲ್ಲ ತೈಸ್ತೊ. ಮೊಳೆಮೊನೆ ಹಾಕ್ಕೊಂಡು ಹೊಡೀತೀರಾ."

"ಮೂರು ವರ್ಷ ಗೆದ್ದೋರು ಮೊನೆಯಿಂದ ಹೊಡೀಬಹುದು, ಚೀಲ ಉಳೀಲಿ ಅಂತ ಎಲ್ಲರೂ ಸೇರಿ ಒಪ್ಪಿದ್ದು ತಾನೇ? ಹೊಸಬರು ಅಲಗಲ್ಲೇ ತೋರಿಸಬೇಕು. ನೀನು ಹೊಸಬಳು. ಹೋಗು, ಸಾರು ಉಕ್ಕುತ್ತೆ ನೋಡು. ಹಾಂ, ಉಪ್ಪು ಸ್ವಲ್ಪ ಕಮ್ಮಿ ಆಗಿದೆ."

ಉಪ್ಪು ಕಮ್ಮಿ ಎನ್ನುವುದು ತೈಸ್ತೊನ ಇಪ್ಪತ್ತೆರಡು ವರ್ಷದ ಮಂತ್ರ. ಕೆಟ್ಟವನಲ್ಲ ಅವನು. ತನ್ನ ಮಾತಿಗೆ ತಾನೇ ತಲೆದೂಗುವ ಜಾತಿ, ಅಷ್ಟೆ. ಲೆಂಪಿ ಅಂದು ಸಾರಿಗೆ ಉಪ್ಪು ಹಾಕಿದಳು, ಹರಿದ ಚೀಲ ಹೊಲಿದಳು.

ಈ ವರ್ಷ ಹಿಮ ಕರಗಿ ರಸ್ತೆ ತೆರೆದ ಮೇಲೆ ಅವಳು ಪೇಟೆಯ ಬಿಲ್ಲಿನಂಗಡಿಗೆ ಹೋದಳು. ಹೆಗಲಿಗೆ ಬಿಲ್ಲು, ಕೈಚೀಲದಲ್ಲಿ ತನ್ನದೇ ಬಾಣ, ತನ್ನದೇ ಅಲಗು. ಅಂಗಡಿಯ ಒಡತಿ ಬೆವ್ ಸಾಲಾಗಿ ಇಟ್ಟಿದ್ದ ಗುರಿಗಳನ್ನು ಲೆಂಪಿ ಉಣ್ಣೆ ಕೊಳ್ಳುವವಳಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಎಲ್ಲದರ ಮೇಲೂ 'ಯಾವ ಮೊನೆಗಾದರೂ ಸೈ' ಎಂದು ದೊಡ್ಡ ಅಕ್ಷರಗಳಿದ್ದವು.

"ಅಕ್ಷರ ಹೊಡೆಯೋಕೆ ಬಂದಿಲ್ಲ ನಾನು. ಹಿತ್ತಲಲ್ಲಿ ಒಂದೊಂದ್ಸಲ ಹೊಡೆದು ನೋಡ್ಲಾ?" ಎಂದು ಕೇಳಿದಳು.

ಬೆವ್ ನಕ್ಕು ಹಿಂದಿನ ಬಾಗಿಲು ತೆಗೆದಳು. ಮೆತ್ತನೆಯ ಫೋಮ್ ದಿಮ್ಮಿಯಲ್ಲಿ ಬಾಣ ಆಚೆ ಬದಿಗೆ ಇಣುಕಿತು. ಗಟ್ಟಿಯದರಲ್ಲಿ ಹೊಕ್ಕ ಬಾಣವನ್ನು ಇಬ್ಬರೂ ಕಾಲು ಕೊಟ್ಟು ಜಗ್ಗಬೇಕಾಯಿತು. ಹಾಳೆ ಹಾಳೆಯಾಗಿ ಪೇರಿಸಿ ಬಿಗಿದ ಇನ್ನೊಂದಿತ್ತು. ಅದರಲ್ಲಿ ಬಾಣ ಒಂದು ಮೊಳ ಹೋಗಿ ನಿಂತಿತು, ಎರಡು ಬೆರಳಲ್ಲಿ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು.

"ಇದು ಒಳ್ಳೇದೇ. ಆದ್ರೆ ಜನ ದಿನಾ ನಡುಮಧ್ಯದ ಬೊಟ್ಟಿಗೇ ಹೊಡೀತಾರೆ, ಎರಡು ತಿಂಗಳಲ್ಲಿ ತೂತು ಮಾಡಿ ತಂದು ನನ್ನ ಮೇಲೆ ಕೂಗಾಡ್ತಾರೆ," ಎಂದಳು ಬೆವ್.

ಲೆಂಪಿ ಹಾಳೆಗಳನ್ನು ಬಿಗಿದಿದ್ದ ಪಟ್ಟಿಯನ್ನು ಬೆರಳಿನಿಂದ ಮೀಟಿ ನೋಡಿದಳು. ಪಟ್ಟಿ ಸಡಿಲವಾಗಿತ್ತು. ಅಲ್ಲೇ ಅವಳಿಗೆ ಹೊಳೆಯಿತು. ಮೂವತ್ತು ವರ್ಷದಿಂದ ಮಗ್ಗದ ಮೇಲೆ ಚಿಂದಿ ಜಮಖಾನೆ ನೇಯ್ದವಳು ಅವಳು. ಜಮಖಾನೆ ಬಾಳುವುದು ನೂಲಿನಿಂದಲ್ಲ, ಹಣಿಗೆಯ ಪೆಟ್ಟಿನಿಂದ. ಅಡ್ಡ ಎಳೆಯಾದ ಹೊಕ್ಕನ್ನು ಹಣಿಗೆಯಿಂದ ಎಷ್ಟು ಒತ್ತಿ ಬಡಿಯುತ್ತೀಯೋ ಅಷ್ಟು ಆಯುಸ್ಸು. ಒಂದೇ ಕಡೆ ತುಳಿದರೆ ಎಂಥ ಜಮಖಾನೆಯೂ ಸವೆಯುತ್ತದೆ. ಅದಕ್ಕೇ ಅವಳಮ್ಮ ವಾರಕ್ಕೊಮ್ಮೆ ಎಲ್ಲವನ್ನೂ ತಿರುಗಿಸಿ ಹಾಸುತ್ತಿದ್ದಳು.

ಗಂಡ ಆರ್ವೊ ಕೆಲಸ ಮಾಡುವ, ಹಿಮದ ಮೇಲೋಡುವ ಸ್ನೋಮೊಬೈಲ್ ಮಾರುವ ಅಂಗಡಿಗೆ ಹೊಸ ಗಾಡಿಗಳ ಜೊತೆ ದಪ್ಪ ಫೋಮ್ ಹಾಳೆಗಳು ಬರುತ್ತಿದ್ದವು. ಅವು ಸೀದಾ ಕಸಕ್ಕೆ. ಮೇ ತಿಂಗಳಿಡೀ ಅವನ ಗಾಡಿಯ ಹಿಂಭಾಗದಲ್ಲಿ ಅವು ಮನೆಗೆ ಬಂದವು. ಒಂದೊಂದನ್ನೂ ಹೆಬ್ಬೆರಳಿಂದ ಒತ್ತಿ, ಮೆತ್ತಗಿದ್ದುದನ್ನು ನಾಯಿಯ ಹಾಸಿಗೆಗೆ ಎಸೆದು, ಗಟ್ಟಿಯವನ್ನು ಎರಡಡಿ ಚೌಕಕ್ಕೆ ಕತ್ತರಿಸಿದಳು. ಮೇಲೊಂದು ಕೆಳಗೊಂದು ಮೇಪಲ್ ಹಲಗೆ, ನಾಲ್ಕು ಮೂಲೆಗೆ ತಿರುಪು ಕೊರೆದ ನಾಲ್ಕು ಉದ್ದನೆಯ ಕಬ್ಬಿಣದ ಸರಳು. ಮೂರಡಿ ಎತ್ತರದ ರಾಶಿ ಎರಡಡಿಗೆ ಇಳಿಯುವ ತನಕ ನಟ್ಟು ಬಿಗಿಯುತ್ತಲೇ ಹೋದಳು.

"ಸಾಕು ಮಾರಾಯ್ತಿ, ಉಸಿರು ಕಟ್ಟುತ್ತೆ ಅದಕ್ಕೆ," ಎಂದ ಆರ್ವೊ. ಭುಜ ಕೆಟ್ಟ ಮೇಲೆ ಬಿಲ್ಲು ಬಿಟ್ಟವನು. ಈಗ ನವೆಂಬರಿನ ಬಂದೂಕು ಬೇಟೆಗೆ ಮಾತ್ರ ಹೋಗುತ್ತಿದ್ದ.

"ಕಟ್ಟಲಿ. ಇನ್ನೊಂದು ಸುತ್ತು ತಿರುಗಿಸು."

"ನನ್ನನ್ನ ಮದುವೆ ಆದಾಗ್ಲೂ ಹೀಗೇ ಅಂದಿದ್ದೆ."

ಅಂದಿನಿಂದ ದಿನಾ ಸಂಜೆ ಇಪ್ಪತ್ತು ಬಾಣ, ಇಪ್ಪತ್ತೂ ಅಲಗಿನವು. ನಡುವೆ ಬೊಟ್ಟು ಇಡಲಿಲ್ಲ. ಪ್ರತಿ ಬಾಣಕ್ಕೂ ಬೇರೆ ಜಾಗದಲ್ಲಿ ಸೀಮೆಸುಣ್ಣದ ಗುರುತು. ವಾರಕ್ಕೊಮ್ಮೆ ದಿಮ್ಮಿಯನ್ನು ಕಾಲು ಸುತ್ತು ತಿರುಗಿಸಿ ಹೊಸ ಮುಖ, ನಟ್ಟಿಗೆ ಅರ್ಧ ಸುತ್ತು. ಹೀಗೆ ನಾಲ್ಕು ಮುಖ ಮುಗಿದು ಮೊದಲನೆಯದು ಮರಳಿ ಬರುವಷ್ಟರಲ್ಲಿ ಹಳೆಯ ಸೀಳುಗಳು ಬಿಗಿತಕ್ಕೆ ಮುಚ್ಚಿಕೊಂಡಿರುತ್ತಿದ್ದವು.

ದಿಮ್ಮಿ ಅವಳಿಗೆ ಸುಳ್ಳು ಹೇಳಲಿಲ್ಲ. ಮೊದಲ ವಾರ ಬಾಣಗಳೆಲ್ಲ ಎಡಕ್ಕೇ ಹೋದವು. ಬಿಲ್ಲನ್ನು ದೊಣ್ಣೆಯಂತೆ ಮುಷ್ಟಿಯಲ್ಲಿ ಹಿಸುಕುತ್ತಿದ್ದೇನೆ ಎಂಬುದು ಎರಡನೆಯ ವಾರ ಗೊತ್ತಾಯಿತು. ಬೆರಳು ಸಡಿಲ ಬಿಟ್ಟಳು. ಬಾಣ ಕೂರುವ ಕೊಕ್ಕೆಯನ್ನು ಕೂದಲೆಳೆಯಷ್ಟು ಸರಿಸಿದಳು. ಆಗಸ್ಟಿನ ಒಂದು ಸಂಜೆ ಸೀಮೆಸುಣ್ಣದ ಗುರುತಿನ ಮೇಲೇ ಅಲಗು ಕೂತಾಗ ಹಿತ್ತಲಿನಲ್ಲಿ ಒಬ್ಬಳೇ ನಿಂತು ಜೋರಾಗಿ ಕೂಗಿಬಿಟ್ಟಳು. ಪಕ್ಕದ ಮನೆಯ ನಾಯಿ ಉತ್ತರ ಕೊಟ್ಟಿತು.

ಪರೀಕ್ಷೆಯ ಶನಿವಾರ ಬೆಳಿಗ್ಗೆ ಆರ್ವೊನ ಗಾಡಿಯಿಂದ ದಿಮ್ಮಿ ಇಳಿಯುವುದನ್ನು ತೈಸ್ತೊ ಸೊಂಟಕ್ಕೆ ಕೈಕೊಟ್ಟು ನೋಡಿದ. ಜೊತೆಯಲ್ಲಿ ಅವನ ಮಗ ಡೇಲ್.

"ಏನಿದು, ಹೊಸ ಒಲೆನಾ?" ಎಂದ ತೈಸ್ತೊ.

"ಹೊಸ ಅಂಗಳ," ಎಂದಳು ಲೆಂಪಿ. "ಅಲಗು ತಿಂದು ಅರಗಿಸ್ಕೊಳ್ಳುತ್ತೆ. ನಾಲ್ಕು ತಿಂಗಳಲ್ಲಿ ಎರಡು ಸಾವಿರ ಏಟು ತಿಂದಿದೆ, ನೋಡು ಬೇಕಾದ್ರೆ."

ತೈಸ್ತೊ ಹತ್ತಿರ ಬಂದು ನಾಲ್ಕೂ ಮುಖ ಸವರಿದ. ನಂಬಿಕೆಯಾಗದೆ ಇನ್ನೊಮ್ಮೆ ಸವರಿದ. ಗಣಿಯಲ್ಲಿ ದುಡಿದ ಕೈ ಅದು; ಗಟ್ಟಿ ಕೆಲಸ ಕಂಡರೆ ಗುರುತಿಸದೇ ಇರಲಾರದು.

"ಚೆನ್ನಾಗಿ ಮಾಡಿದೀಯ," ಎಂದ, ಹಲ್ಲು ಕೀಳಿಸಿಕೊಂಡವನಂತೆ.

"ಹಾಗಿದ್ರೆ ಚೀಲ ಹರಿಯೋ ಚಿಂತೆ ಇನ್ನಿಲ್ಲ. ಮೊನೆಯಿಂದ ಹೊಡೆಯೋದು ಚೀಲ ಉಳೀಲಿ ಅಂತ ತಾನೇ? ಈ ಸಲ ಎಲ್ಲರೂ ಅಜ್ಜ ಬರೆದಂಗೇ ಹೊಡೆಯೋಣ."

ಆರ್ವೊ ಮರಗಳ ತುದಿ ನೋಡತೊಡಗಿದ. ಡೇಲ್ ಅಪ್ಪನ ಮುಖ ನೋಡಿದ. "ಲೆಂಪಿ ಆಂಟಿ, ಈಗ್ಯಾಕೆ ಅದೆಲ್ಲ..." ಎಂದು ಶುರು ಮಾಡಿದವನನ್ನು ತೈಸ್ತೊ ಕೈಯೆತ್ತಿ ತಡೆದ.

"ಅವಳು ಹೇಳಿದ್ದು ಬಾಗಿಲ ಮೇಲಿದೆ ಕಣೋ. ಅಲಗು ತಗೊಂಡ್ಬಾ."

ಹಿರಿಯನೇ ಮೊದಲು ಹೊಡೆಯುವುದು ಅಲ್ಲಿನ ರೂಢಿ. ಕಾಗದದ ತಟ್ಟೆಯನ್ನು ದಿಮ್ಮಿಗೆ ಚುಚ್ಚಿ, ಇಪ್ಪತ್ತೈದು ಹೆಜ್ಜೆ ಅಳೆದು, ತೈಸ್ತೊ ಬಿಲ್ಲೆತ್ತಿದ. ಮೊದಲ ಬಾಣ ತಟ್ಟೆಯ ಅಂಚಿಗೆ ಕೂತಿತು. ಎರಡನೆಯದು ಬಲಕ್ಕೆ, ಹೊರಗೆ. ಮೂರನೆಯದು ಇನ್ನೂ ಬಲಕ್ಕೆ. ಮೂವತ್ತೆಂಟು ವರ್ಷ ತಪ್ಪದೆ ಬಾಗಿಲ ಮೇಲೆ ಹೆಸರು ಬರೆಸಿಕೊಂಡ ಮನುಷ್ಯ ಬಿಲ್ಲನ್ನು ಕೆಳಗಿಳಿಸಿ, ಆ ಎರಡು ಬಾಣಗಳನ್ನು ಬೇರೆ ಯಾರೋ ಬಿಟ್ಟವೆಂಬಂತೆ ನೋಡುತ್ತ ನಿಂತ. ಡೇಲ್ ಎರಡು ಒಳಗೆ ಹೊಡೆದ, ಮೂರನೆಯದನ್ನು ಹಲಗೆಗೆ ನೆಟ್ಟ.

ಲೆಂಪಿ ಹೊಸ ತಟ್ಟೆ ಚುಚ್ಚಿದಳು. ಎದೆ ಹಣಿಗೆಯಂತೆ ಬಡಿಯುತ್ತಿತ್ತು. ಈ ಸಲ ತಪ್ಪಿದರೆ ದಿಮ್ಮಿಯೂ ನಗೆಪಾಟಲು, ತಾನೂ ನಗೆಪಾಟಲು. ಮೇಲಾಗಿ ಇವರಿಬ್ಬರನ್ನೂ ವೃಥಾ ಕೆಡವಿದ ಪಾಪ ಬೇರೆ. ಬೆರಳು ಸಡಿಲ ಬಿಡು, ಎಂದು ತನಗೆ ತಾನೇ ಹೇಳಿಕೊಂಡಳು. ಒಂದು. ಬೆರಳು ಸಡಿಲ. ಎರಡು. ಮೂರನೆಯದನ್ನು ಎಳೆದು ಹಿಡಿದಾಗ ಕಂಡದ್ದು ತಟ್ಟೆಯಲ್ಲ, ಸೀಮೆಸುಣ್ಣದ ಗುರುತು. ಬಿಟ್ಟಳು.

ಮೂರು ಬಾಣವೂ ತಟ್ಟೆಯೊಳಗೆ, ಒಂದು ಕಾಫಿ ಲೋಟದಿಂದ ಮುಚ್ಚುವಷ್ಟು ಜಾಗದಲ್ಲಿದ್ದವು.

ಆರ್ವೊ ಕೆಟ್ಟ ಭುಜವನ್ನೂ ಮರೆತು ಎರಡೂ ಕೈ ಮೇಲೆತ್ತಿ, "ನನ್ನ ಹೆಂಡ್ತಿ ಕಣ್ರೋ!" ಎಂದು ಕಾಡಿಗೇ ಕೇಳುವಂತೆ ಕೂಗಿದ. ಲೆಂಪಿಗೆ ಕಣ್ಣು ಮಂಜಾಯಿತು. ಹೆಮ್ಮೆ ಎಂದರೆ ಏನೆಂದು ಅವಳಿಗೆ ಆ ಹೊತ್ತು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೈಸ್ತೊ ನಡೆದುಹೋಗಿ ಬಾಣಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಎಳೆದು ತಂದು ಅವಳ ಕೈಗಿಟ್ಟ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರು ಊರಲ್ಲಿ ಬೇಕಾದಷ್ಟಿದ್ದರು, ಅವನು ಹಾಗೆನ್ನಲಿಲ್ಲ.

"ನಾನು ಮೊನೆಯಿಂದ ಹೊಡೆದು ಗೆದ್ದು, ಅಲಗು ಹಾಕ್ಕೊಂಡು ಕಾಡಿಗೆ ಹೋಗ್ತಿದ್ದೆ ಇಷ್ಟು ವರ್ಷ," ಎಂದ ಮೆಲ್ಲಗೆ. "ಎರಡು ವರ್ಷದ ಹಿಂದೆ ನಾನು ಹೊಡೆದ ಜಿಂಕೆ ಸಿಗದೇ ಹೋಯ್ತಲ್ಲ, ರಕ್ತದ ಜಾಡು ಹಿಡಿದು ಜವುಗೆಲ್ಲಾ ಸುತ್ತಿದ್ವಿ. ಗಾಳಿಗೆ ಬಾಣ ವಾಲ್ತು ಅಂದುಕೊಂಡಿದ್ದೆ."

"ಅಂಗಳಾನೂ ಡೊಂಕಾಗಿತ್ತು ತೈಸ್ತೊ," ಎಂದಳು ಲೆಂಪಿ. ಅಣಕಿಸಲು ವರ್ಷದಿಂದ ಕಾಪಿಟ್ಟುಕೊಂಡಿದ್ದ ಮಾತು ಅದು; ಬಾಯಿಂದ ಹೊರಬಿದ್ದಾಗ ಸಮಾಧಾನದ ಮಾತಾಗಿಬಿಟ್ಟಿತ್ತು.

ಅವನು ಒಳಗೆ ಹೋಗಿ ಒಲೆಯಲ್ಲಿ ಮೊಳೆ ಕಾಯಿಸಿದ. ಮೊಣಕಾಲೂರಿ, ಬಾಗಿಲ ಕೊನೆಯ ಸಾಲಿನ ಕೆಳಗೆ ವರ್ಷ ಬರೆದ. ಅದರ ಮುಂದೆ ಲೆಂಪಿ ಹಾರ್ಯುಲಾ ಎಂದು, ಅಜ್ಜನ ಅಕ್ಷರದಷ್ಟೇ ಆಳವಾಗಿ ಸುಟ್ಟ. ಸುಟ್ಟ ಮರದ ವಾಸನೆ ಕೋಣೆ ತುಂಬಿತು. ಮೇಲಿನ ಹಳೆಯ ಸಾಲುಗಳಲ್ಲಿ ನಾಲ್ಕೋ ಐದೋ ಹೆಸರು, ಈಚಿನವುಗಳಲ್ಲೂ ಎರಡೆರಡು.

"ಇನ್ಯಾರದೂ ಇಲ್ವಾ?" ಎಂದ ಡೇಲ್ ಸಣ್ಣ ದನಿಯಲ್ಲಿ.

"ಈ ವರ್ಷ ಗೆದ್ದೋಳು ಒಬ್ಬಳೇ. ಬರೆದಿರೋದೂ ಒಂದೇ," ಎಂದು ಮೊಳೆಯನ್ನು ನೀರಿಗೆ ಅದ್ದಿ ತೈಸ್ತೊ ಎದ್ದ. ಗೋಡೆಯಲ್ಲಿ ಅವಳಿಗಾಗಿ ಇಪ್ಪತ್ತೆರಡು ವರ್ಷದಿಂದ ನೇತಾಡುತ್ತಿದ್ದ ಅಡುಗೆಯ ಏಪ್ರನ್ ತೆಗೆದು ಕಟ್ಟಿಕೊಂಡ. ದಾರ ಹೊಟ್ಟೆಗೆ ಸಾಲದೆ ಡೇಲ್ ಹಿಂದಿನಿಂದ ಗಂಟು ಹಾಕಬೇಕಾಯಿತು.

ಮಧ್ಯಾಹ್ನ ಲೆಂಪಿ ಮೊದಲ ಸಲ ಮೇಜಿನ ತಲೆಭಾಗದಲ್ಲಿ ಕೂತಳು. ತೈಸ್ತೊ ಬಡಿಸಿದ ಸಾರನ್ನು ಒಂದು ಚಮಚ ಕುಡಿದು, ಬಾಗಿಲ ಕಡೆ ಒಮ್ಮೆ ನೋಡಿ, ಚಮಚ ಕೆಳಗಿಟ್ಟಳು.

"ಉಪ್ಪು ಸ್ವಲ್ಪ ಕಮ್ಮಿ ಆಗಿದೆ," ಎಂದಳು.

ತೈಸ್ತೊ ಉಪ್ಪಿನ ಡಬ್ಬಿ ತರಲು ಎದ್ದ. ಹೋಗುತ್ತ ಹೋಗುತ್ತ, ದಿಮ್ಮಿಯನ್ನು ಮುಂದಿನ ಸೆಪ್ಟೆಂಬರ್ ತನಕ ಇಲ್ಲೇ ಬಿಟ್ಟುಹೋಗುತ್ತೀಯಾ ಎಂದು ಕೇಳಿದ.

"ಬಿಡ್ತೀನಿ," ಎಂದಳು ಲೆಂಪಿ. "ವಾರಕ್ಕೊಂದ್ಸಲ ತಿರುಗಿಸಬೇಕು. ನಟ್ಟಿಗೆ ಅರ್ಧ ಸುತ್ತು. ಮರೀಬೇಡ."