ಹಿಂಬದಿಯ ಹೆಸರು

"ಇದೇನಮ್ಮ, ಹಿಂದ್ಗಡೆ ಪಾತ್ರೆಗೆ ಹೊಡೆಸೋ ಹಂಗೆ ಹೆಸರು ಹೊಡೆಸಿದೀರ?"

ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಆಂಜಿನಪ್ಪನವರು ಕೇಳಿದರು. ಅವರ ಅಂಗೈಯಲ್ಲಿ ಕೈಗಡಿಯಾರ ಬೋರಲಾಗಿ ಮಲಗಿತ್ತು. ಅದರ ಬೆನ್ನ ಮೇಲೆ ಸ್ವಿಟ್ಜರ್ಲೆಂಡಿನ ಯಾರೋ ನಯವಾಗಿ ಕೊರೆದಿದ್ದ ಮುದ್ರೆಗೆ ಅಡ್ಡಲಾಗಿ ಕನ್ನಡದ ಅಕ್ಷರಗಳು ಚುಕ್ಕಿ ಚುಕ್ಕಿಯಾಗಿ, ತುಸು ಸೊಟ್ಟಗೆ ಸಾಗಿದ್ದವು. ಚುಕ್ಕಿಗಳೊಳಗೆ ಎಷ್ಟೋ ಬೇಸಿಗೆಗಳ ಬೆವರು ಕೊಳೆಯಾಗಿ ಗಟ್ಟಿಕಟ್ಟಿ, ಹೆಸರು ಅರ್ಧಕ್ಕರ್ಧ ಮುಚ್ಚಿಹೋಗಿತ್ತು.

"ಪಾತ್ರೆ ಅಂಗ್ಡೀಲೇ ಹೊಡೆಸಿದ್ದು ಅಣ್ಣ," ಎಂದಳು ಭಾರತಮ್ಮ. "ಬೆಂಗ್ಳೂರಲ್ಲಿ ದೊಡ್ಡ ಅಂಗ್ಡಿಗೆ ತಗೊಂಡೋಗಿದ್ದೆ. ಅಲ್ಲಿನ ಹುಡ್ಗಿ ಇದನ್ನ ನೋಡಿ ಪಕ್ಕದೋಳಿಗೆ ತೋರ್ಸಿ ನಕ್ಳು. ಕಿತ್ಕೊಂಡು ಎದ್ದು ಬಂದ್ಬಿಟ್ಟೆ."

"ನಗದೆ ಇನ್ನೇನಮ್ಮ ಮಾಡ್ತಾಳೆ? ಚಿನ್ನದ ತೇರಿಗೆ ಗುದ್ದಲಿ ಕಟ್ಟಿದ ಹಂಗಿದೆ." ಆಂಜಿನಪ್ಪನವರ ತುಟಿಯಂಚಿನಲ್ಲೂ ನಗೆ ಇಣುಕಿತು. ಎದುರಿಗಿದ್ದ ಮುಖವನ್ನು ನೋಡಿ ಅದನ್ನು ಹಿಂದಕ್ಕೆಳೆದುಕೊಂಡರು.

ಗಡಿಯಾರ ಭಾರತಮ್ಮನ ಗಂಡ ನರಸಿಂಹಪ್ಪನದು. ವಕ್ಕಲೇರಿಯ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದ ಆತ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ನರಸಾಪುರದ ಹತ್ತಿರವಿದ್ದ ಜಮೀನು ಕಾರ್ಖಾನೆಗಳ ಪಾಲಾದಾಗ ಬಂದ ಪರಿಹಾರದ ಹಣದಲ್ಲಿ ದಾಯಾದಿಗಳು ಮಹಡಿ ಏರಿಸಿದರು, ಟ್ರ್ಯಾಕ್ಟರು ತಂದರು. ಉಳಿದುದನ್ನೆಲ್ಲ ಬ್ಯಾಂಕಿನಲ್ಲಿಟ್ಟ ನರಸಿಂಹಪ್ಪ ತನಗೆಂದು ಕೊಂಡದ್ದು ಇದೊಂದನ್ನೇ. ಇಷ್ಟು ಬೆಲೆಯ ವಸ್ತುವನ್ನು ಯಾರಾದರೂ ಅದಲುಬದಲು ಮಾಡಿಬಿಟ್ಟರೆ ಎಂಬ ಭಯ ಅವನ ಮೊದಲ ಹೆಂಡತಿಗೆ. ಆ ವಾರವೇ ಕೋಲಾರದಲ್ಲಿ ಹೊಸ ಪಾತ್ರೆ ಕೊಳ್ಳಲು ಹೋದವರು ಗಡಿಯಾರವನ್ನೂ ಹೆಸರು ಹಾಕುವವನ ಮುಂದಿಟ್ಟರು. ಪಾತ್ರೆಯ ಮೇಲೆ ಬರೆಸುವುದು ಮನೆಯೊಡತಿಯ ಹೆಸರನ್ನಲ್ಲವೇ? ಹಂಡೆ, ಚೊಂಬು, ಲೋಟಗಳ ಸಾಲಿನಲ್ಲಿ ಗಡಿಯಾರದ ಬೆನ್ನಿಗೂ ಅದೇ ಹೆಸರು ಬಿತ್ತು: ಶಾಮಲಮ್ಮ, ವಕ್ಕಲೇರಿ.

ಎರಡು ವರ್ಷದಲ್ಲಿ ಶಾಮಲಮ್ಮ ಇಲ್ಲವಾದಳು. ಆಮೇಲೆ ಆ ಮನೆಗೆ ಬಂದವಳು ಭಾರತಮ್ಮ.

ಆಂಜಿನಪ್ಪನವರು ಗಡಿಯಾರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆಂಗಳೂರಿನ ಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದು, ಅದು ಮುಚ್ಚಿದ ಮೇಲೆ ಕೋಲಾರದ ದೊಡ್ಡಪೇಟೆಯ ಈ ರಿಪೇರಿ ಮಳಿಗೆಯಲ್ಲಿ ಕುಳಿತವರು ಅವರು. ಒಂದು ವಸ್ತು ಹೇಗೆ ಸವೆದಿದೆ ಎಂಬುದರಿಂದ ಅದನ್ನು ತೊಟ್ಟವನ ಬದುಕನ್ನು ಓದುವುದು ಅವರಿಗೆ ರೂಢಿಯಾಗಿತ್ತು. ಗಾಜಿನ ಅಂಚು ನಾಲ್ಕರ ಬಳಿ ಚೂರು ಒಡೆದಿತ್ತು. ಉಕ್ಕಿನ ಪಟ್ಟಿ ಜೋತುಬಿದ್ದಿತ್ತು. ಎಡಗಡೆಯ ಅಂಚು ಮಾತ್ರ ಅರ ಹಾಕಿದಂತೆ ಸಪಾಟಾಗಿತ್ತು.

"ಇದೊಂದೇ ಕಡೆ ಯಾಕಿಷ್ಟು ಸವೆದಿದೆ?"

"ಹಾಲಿನ ಕ್ಯಾನಿನ ಬಾಯಿ ತಾಕಿ ಅಣ್ಣ. ಎರಡು ಹೊತ್ತೂ ಕೈ ಇಳಿಬಿಟ್ಟು ಹಾಲು ಎತ್ತೋರು. ಬಿಚ್ಚಿಡ್ರೀ ಅಂದ್ರೆ ಕೇಳ್ತಿರ್ಲಿಲ್ಲ."

"ಹೂಂ. ಒಳಗಡೆ ಎಣ್ಣೆ ಒಣಗಿ ನಿಂತಿದೆ. ಅದನ್ನ ಬಿಚ್ಚಿ ತೊಳೀತೀನಿ, ಅದಕ್ಕೆ ನಿಮ್ಮನ್ನ ಕೇಳೋದಿಲ್ಲ. ಹೊರಗಡೆ ಎಷ್ಟು ಮಾಡ್ಬೇಕು ಅನ್ನೋದನ್ನ ಮಾತ್ರ ನೀವೇ ಹೇಳ್ಬೇಕು."

"ಪೂರ್ತಿ ಹೊಸದಾಗ್ಬೇಕು. ನಮ್ ಶೋಭಾರಾಣಿ ಮದುವೆ ಮುಂದಿನ ತಿಂಗ್ಳು. ವರಪೂಜೇಲಿ ಅಳಿಯನ ಕೈಗೆ ಕಟ್ಬೇಕು. ಅವ್ಳಪ್ಪನ ಆಸೆ ಅದು. ಗಂಡಿನೋರು ಮುಳಬಾಗಿಲು ಕಡೆಯೋರು, ಒಳ್ಳೆಯೋರೇ. ಆದ್ರೆ ಹುಡುಗನ ಸೋದರತ್ತೆ ಒಬ್ಳು ಅವ್ಳೆ ನೋಡಿ, ಬಾಯಿ ಅಂದ್ರೆ ಬಾಯಿ. ಸತ್ತೋರ ಹಳೇ ವಾಚು ಕಟ್ಟಿದ್ರು ಅಂತ ಊರೆಲ್ಲ ಆಡ್ಕೊಂಡು ಬರ್ತಾಳೆ."

"ಹೊಸದಾಗೋದು ಅಂತ ಒಂದಿಲ್ಲಮ್ಮ. ತೇಯೋದು ಅಂತ ಒಂದಿದೆ. ಹೊಳಪು ಬರುತ್ತೆ, ಉಕ್ಕು ಹೋಗುತ್ತೆ. ಈ ಅಂಚು ಸರಿಮಾಡ್ಬೇಕಂದ್ರೆ ಉಳಿದ ಮೂರು ಕಡೇನೂ ಅದರ ಸಮಕ್ಕೆ ತೇಯ್ಬೇಕು."

"ಈ ಹೆಸ್ರು?"

ಆಂಜಿನಪ್ಪನವರು ಉಗುರಿನಿಂದ ಚುಕ್ಕಿಗಳ ಆಳವನ್ನು ತಡವಿ ನೋಡಿದರು. "ಹೋಗುತ್ತೆ. ಹೋದ್ಮೇಲೆ ಬೇಕು ಅಂದ್ರೆ ಬರಲ್ಲ."

ಅವರು ಮೇಜಿನ ಖಾನೆಯಿಂದ ಒಂದು ಕಂದು ಲಕೋಟೆ ತೆಗೆದು ಪೆನ್ನಿನೊಡನೆ ಅವಳತ್ತ ಸರಿಸಿದರು. ಗಡಿಯಾರದ ಮೈಮೇಲಿಂದ ಏನನ್ನಾದರೂ ತೆಗೆಯಬೇಕಿದ್ದರೆ ಅದನ್ನು ಗಿರಾಕಿಯೇ ತನ್ನ ಕೈಯಾರೆ ಲಕೋಟೆಯ ಮೇಲೆ ಬರೆಯಬೇಕು. ಅದು ಅವರು ಎಂದೂ ಸಡಿಲಿಸದ ಕ್ರಮ. "ಬಾಯಲ್ಲಿ ಹೇಳಿದ್ದನ್ನ ಮನೆಗೆ ಹೋಗಿ ಮರೀತಾರಮ್ಮ. ಏನು ಇರ್ಬೇಕು, ಏನು ಹೋಗ್ಬೇಕು, ಬರ್ದುಬಿಡಿ."

ಭಾರತಮ್ಮ ಏಳನೆಯ ತರಗತಿಯ ಅಕ್ಷರಗಳಲ್ಲಿ ನಿಧಾನವಾಗಿ ಬರೆದಳು. ಗಾಜು ಹೊಸದು. ಪಟ್ಟಿ ಬಿಗಿ ಮಾಡುವುದು. ಅಂಚು ಸರಿ ಮಾಡುವುದು. ಆಮೇಲೆ ಪೆನ್ನು ನಿಂತಿತು.

"ಹಿಂದಿನ ಹೆಸರು ಅಂದ್ರೆ ಸಾಕಾ ಅಣ್ಣ?"

"ಯಾವ ಹೆಸರು ಅಂತ ಬರೀರಿ. ಯಾರಮ್ಮ ಅದು? ನಿಮ್ಮತ್ತೇನಾ?"

ಅವಳು ಬೀದಿಯ ಕಡೆ ನೋಡಿದಳು. "ಅಲ್ಲ. ನನ್ನ ಮಗಳ ತಾಯಿ."

ಆಂಜಿನಪ್ಪನವರು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ಮೇಜಿನ ಮೇಲಿಟ್ಟರು.

ಹದಿನಾಲ್ಕು ವರ್ಷಗಳಲ್ಲಿ ಆ ಹೆಸರನ್ನು ಅವಳು ಬಾಯಿಬಿಟ್ಟು ಉಚ್ಚರಿಸಿದವಳಲ್ಲ. ಈಗ ಅದನ್ನು ಅಳಿಸಬೇಕಾದರೆ ಮೊದಲು ತಾನೇ ಬರೆಯಬೇಕಾಗಿತ್ತು.

ಅಷ್ಟರಲ್ಲಿ ಶೋಭಾರಾಣಿ ಮೆಟ್ಟಿಲೇರಿ ಬಂದಳು. ನರಸಾಪುರದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ಕಂಪನಿಯ ಬಸ್ಸಿನಲ್ಲಿ ಇಳಿದು ನೇರವಾಗಿ ಬಂದಿದ್ದಳು. ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಇಬ್ಬರೂ ಕೂಡಿ ಧಾರೆಯ ಸೀರೆ ನೋಡಲು ಹೋಗುವುದೆಂದು ಗೊತ್ತಾಗಿತ್ತು.

"ಇನ್ನೂ ಇಲ್ಲೇ ಇದ್ದೀಯಾ ಚಿಕ್ಕಮ್ಮ? ಸೀರೆ ಅಂಗ್ಡಿಯೋನು ಬಾಗ್ಲು ಹಾಕ್ಕೊಂಡು ಹೋದ್ರೆ ಲಕೋಟೇನೇ ಉಟ್ಕೊಂಡು ಹಸೆ ಮೇಲೆ ಕೂತ್ಕೋಬೇಕಾಗುತ್ತೆ ನಾನು." ಅವಳು ಬಗ್ಗಿ ಲಕೋಟೆಯನ್ನು ಓದಿದಳು. ನಿಂತ ಪೆನ್ನನ್ನೂ ಬೋರಲು ಬಿದ್ದ ಗಡಿಯಾರವನ್ನೂ ನೋಡಿದಳು. ಅವಳ ದನಿ ತಗ್ಗಿತು. "ಅಳಿಸ್ಬಿಡು ಚಿಕ್ಕಮ್ಮ."

"ನಿಂಗೆ ಬೇಜಾರಿಲ್ವೇನೇ?"

"ಆ ಸೋದರತ್ತೆ ಏನಾದ್ರೂ ಅಂದ್ರೆ ನಿನ್ನನ್ನೇ ಅನ್ನೋದು, ನನ್ನನ್ನಲ್ಲ. ಮದುವೆ ಮನೇಲಿ ಯಾಕೆ ಅದೆಲ್ಲ? ಕೊಡು, ನಾನೇ ಬರೀತೀನಿ."

ಅವಳು ಪೆನ್ನಿಗಾಗಿ ಕೈ ಚಾಚಿದಳು. ಭಾರತಮ್ಮ ಕೊಡಲಿಲ್ಲ. ಏಳು ವರ್ಷದ ಹುಡುಗಿಯೊಬ್ಬಳು ಬಚ್ಚಲಿನ ಬಾಗಿಲಲ್ಲಿ ಕುಳಿತಿರುವುದು ಅವಳಿಗೆ ಕಂಡಿತು. ನರಸಿಂಹಪ್ಪ ಗಡಿಯಾರ ಬಿಚ್ಚುತ್ತಿದ್ದುದು ಸ್ನಾನಕ್ಕೆ ಮಾತ್ರ. ಅಷ್ಟು ಹೊತ್ತೂ ಅದು ಮಗಳ ಅಂಗೈಯಲ್ಲಿ, ಹೆಸರು ಮೇಲೆ ಕಾಣುವಂತೆ ಬೋರಲಾಗಿಯೇ ಇರುತ್ತಿತ್ತು. ಮಗು ಟಿಕ್‌ಟಿಕ್ ಸದ್ದು ಕೇಳುತ್ತಿದೆ ಎಂದು ಅಡುಗೆಮನೆಯಿಂದ ನೋಡುತ್ತಿದ್ದ ಭಾರತಮ್ಮ ನಂಬಿದ್ದಳು. ಅಥವಾ ನಂಬಬೇಕೆಂದು ಬಯಸಿದ್ದಳು.

"ನಾನು ಬಂದ ವರ್ಷ ಹಳೇ ಪಾತ್ರೆ ಎಲ್ಲ ಅಂಗ್ಡಿಗೆ ಹಾಕಿ ಹೊಸದು ತಂದೆನಲ್ಲ," ಎಂದಳು. "ನೀರು ಕುಡಿಯೋಕೆ ಲೋಟ ಎತ್ತಿದ್ರೆ ಆ ಹೆಸ್ರು ತುಟೀಗೆ ತಾಕೋದು ಕಣೇ. ತಡ್ಕೊಳ್ಳೋಕಾಗ್ಲಿಲ್ಲ."

"ಗೊತ್ತು."

"ಒಂದು ಲೋಟನಾದ್ರೂ ಉಳಿಸ್ಬೇಕಿತ್ತು."

"ಉಳಿಸಿದ್ರೆ ಇಷ್ಟೊತ್ತಿಗೆ ತಳ ತೂತಾಗಿರೋದು, ಬಿಡು." ಶೋಭಾರಾಣಿ ನಗಲು ನೋಡಿದಳು. ನಗೆ ಅರ್ಧದಲ್ಲೇ ನಿಂತುಹೋಯಿತು. ಅವಳು ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತತೊಡಗಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಹೊರಗೆ ಸೊಪ್ಪಿನ ಗಾಡಿಯವನು ದಂಟು, ಚಕ್ಕೋತ ಸೊಪ್ಪು ಎಂದು ಕೂಗುತ್ತ ಹಾದುಹೋದ. ಕೂಗು ಬೀದಿಯ ತಿರುವಿನಲ್ಲಿ ಕರಗಿತು.

ಭಾರತಮ್ಮ ಲಕೋಟೆಯ ಮೇಲೆ ಬಾಗಿದಳು. "ಅಂಚು ಸರಿ ಮಾಡುವುದು" ಎಂಬುದಕ್ಕೆ ಅಡ್ಡಗೆರೆ ಎಳೆದಳು. ಅದರ ಕೆಳಗೆ ಒಂದೊಂದೇ ಅಕ್ಷರವನ್ನು ಒತ್ತಿ ಬರೆದಳು: ಶಾಮಲಮ್ಮ ಎಂಬ ಹೆಸರು ಇರಬೇಕು.

"ಚಿಕ್ಕಮ್ಮ, ಅವ್ರು ಕೇಳಿದ್ರೆ?"

"ಕೇಳ್ಲಿ. ಹೆಣ್ಣಿನ ತಾಯಿ ಹೆಸ್ರು ಅಂತೀನಿ. ತಾಯಿ ಇಲ್ದೆ ಧಾರೆ ಎರೀತಾರಾ ಯಾರಾದ್ರೂ?"

ಆಂಜಿನಪ್ಪನವರು ಲಕೋಟೆಯನ್ನು ತಮ್ಮತ್ತ ತಿರುಗಿಸಿ ಎರಡು ಸಲ ಓದಿದರು. "ಪೋನೀ, ಹೋಗ್ಲಿ ಬಿಡಿ, ನನಗೂ ಕೆಲಸ ಕಮ್ಮಿ ಆಯ್ತು," ಎಂದು ಗೊಣಗಿದರು. ಮೂರು ಹಲ್ಲಿನ ಕೀಲಿಯಿಂದ ಗಡಿಯಾರದ ಹಿಂಬದಿಯ ಮುಚ್ಚಳವನ್ನು ತಿರುಗಿಸಿ ಬೇರ್ಪಡಿಸಿದರು. ಯಂತ್ರವಿದ್ದ ಭಾಗವನ್ನು ಗಾಜಿನ ಬೋಗುಣಿಯ ಕೆಳಗಿಟ್ಟು ಮುಚ್ಚಿದರು.

"ಅಣ್ಣ, ಇರ್ಬೇಕು ಅಂತ ಬರ್ದೆ. ಆದ್ರೆ ಓದೋಕೇ ಬರ್ತಿಲ್ವಲ್ಲ ಅದು," ಎಂದಳು ಭಾರತಮ್ಮ. "ಕೊಳೆ ಕೂತಿದೆ. ನಾನು ತೆಗೀಲಾ?"

ಗಿರಾಕಿಯ ಕೈಗೆ ಅವರು ಎಂದೂ ಕೆಲಸ ಕೊಟ್ಟವರಲ್ಲ. ಸ್ವಲ್ಪ ಹೊತ್ತು ಅವಳ ಒರಟು ಬೆರಳುಗಳನ್ನೇ ನೋಡಿದರು. ಆಮೇಲೆ ಸಣ್ಣ ಬಟ್ಟಲಲ್ಲಿ ಸೋಪಿನ ನೀರು, ಮೆತ್ತನೆಯ ಕುಂಚ, ಮುಚ್ಚಳ, ಮೂರನ್ನೂ ಅವಳ ಮುಂದಿಟ್ಟರು. "ಮೆಲ್ಲಗೆ," ಎಂದರು. "ಅಕ್ಷರ ಹೋದ ಕಡೇನೇ ಕುಂಚ ಹೋಗ್ಬೇಕು."

ಮಳಿಗೆಯೊಳಗಿನ ಬೆಳಕು ಸಾಲದೆಂದು ಶೋಭಾರಾಣಿ ಮೊಬೈಲಿನ ದೀಪ ಹೊತ್ತಿಸಿ ಹತ್ತಿರ ಹಿಡಿದಳು. ಭಾರತಮ್ಮ ಕುಂಚವನ್ನು ಅದ್ದಿ ಮೊದಲ ಅಕ್ಷರದ ಮೇಲೆ ಆಡಿಸಿದಳು. ಚುಕ್ಕಿಗಳಿಂದ ಕಪ್ಪು, ನೊರೆಯೊಡನೆ ಮೆಲ್ಲನೆ ಮೇಲೆದ್ದು ಬಂತು. ಅದನ್ನು ಸೆರಗಿನ ತುದಿಯಿಂದ ಒರೆಸಿ, ದೀಪವನ್ನು ಇನ್ನಷ್ಟು ಕೆಳಗೆ ಹಿಡಿಯುವಂತೆ ಕಣ್ಣಿನಲ್ಲೇ ಹೇಳಿ, ಅವಳು ಎರಡನೆಯ ಅಕ್ಷರಕ್ಕೆ ಹೋದಳು.